ಖಾಲಿ ಗ್ರಹ ಅಂತ ಒಂದಿಲ್ಲ

(ತಿರುವನಂತಪುರದಲ್ಲಿ ನವೆಂಬರ್ 1ರ ಸಂಜೆ ಕನ್ನಡಿಗ ಗೆಳೆಯರ ಕೂಟದಲ್ಲಿ ಆಡಿದ ಮಾತಿನ ಬರಹರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ರಾಜ್ಯೋತ್ಸವದ ಶುಭಾಶಯಗಳು. ಹಾಗೇ ಕೇರಳ ಪಿರವಿಯ ಶುಭಾಶಯಗಳೂ ಕೂಡ. ಎರಡೂ ರಾಜ್ಯಗಳು 1956ರಲ್ಲಿ ಇದೇ ದಿನ ಈಗಿನ ರೂಪಕ್ಕೆ ಬಂದದ್ದರಿಂದ, ಇಲ್ಲಿರುವ ನಮಗೆ ಒಂದೇ ರಜೆಗೆ ಎರಡು ಹಬ್ಬ. ಆದರೆ ರಜೆ ಮಾತ್ರ ಒಂದೂ ಸಿಕ್ಕಿಲ್ಲ, ನೀವೆಲ್ಲ ಆಫೀಸಿಂದ ನೇರ ಬಂದಿದ್ದೀರಿ ಅಂತ ಕೊರಳಲ್ಲಿರೋ ಐಡಿ ಕಾರ್ಡ್ ನೋಡಿದ್ರೇ ಗೊತ್ತಾಗುತ್ತೆ.

ನಾನು ದಾವಣಗೆರೆಯವನು. ಸುರತ್ಕಲ್‌ನಲ್ಲಿ ಎಂಟೆಕ್ ಮಾಡಿದೆ. ಕೊಚ್ಚಿಯ ಕಾಕ್ಕನಾಡಿನಲ್ಲಿ ನಾಲ್ಕು ವರ್ಷ ಇದ್ದೆ, ಈಗ ಇಲ್ಲಿ ಕಳಕೂಟ್ಟಂನಲ್ಲಿ ಮೂರು ವರ್ಷ. ಈ ಏಳು ವರ್ಷದಲ್ಲಿ ಪ್ರತಿ ಆಟೋದವರೂ, ಪ್ರತಿ ಮನೆ ಓನರ್ರೂ ಕೇಳಿದ ಪ್ರಶ್ನೆ ಒಂದೇ: "ನಮ್ಮ ಮಕ್ಕಳೆಲ್ಲ ಬೆಂಗಳೂರಿಗೆ ಹೋಗ್ತಾರೆ. ನೀನು ಯಾಕಪ್ಪ ಇಲ್ಲಿಗೆ ಬಂದೆ?" ನಿಮಗೂ ಕೇಳಿರುತ್ತಾರೆ. ಇವತ್ತಿನ ಮಾತು ಆ ಪ್ರಶ್ನೆಗೆ ಉತ್ತರ ಅಲ್ಲ. ಆದರೆ ಜನ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೇಗೆ ಹೋಗುತ್ತಾರೆ, ಯಾರು ಕಳಿಸುತ್ತಾರೆ ಅನ್ನೋದರ ಬಗ್ಗೆ. ಅದನ್ನು ನಾನು ನನಗೆ ಗೊತ್ತಿರುವ ದಾರಿಯಲ್ಲೇ ಹೇಳಬೇಕು. ಅಂದ್ರೆ ಸ್ಪೇಸ್ ಗೇಮ್‌ಗಳ ದಾರಿಯಲ್ಲಿ. ಸ್ವಲ್ಪ ತಡ್ಕೊಳ್ಳಿ.

1993ರಲ್ಲಿ ಮಾಸ್ಟರ್ ಆಫ್ ಓರಿಯನ್ ಅಂತ ಒಂದು ಗೇಮ್ ಬಂತು. ನಕ್ಷತ್ರಗಳ ಮ್ಯಾಪು, ಒಂದು ಗ್ರಹ, ಒಂದೆರಡು ಹಡಗು ನಿಮ್ಮ ಕೈಗೆ ಕೊಡುತ್ತಾರೆ. ಅಲ್ಲಿಂದ ಶುರು ಮಾಡಿ ಇಡೀ ಗ್ಯಾಲಕ್ಸಿ ನಿಮ್ಮದು ಮಾಡಿಕೊಳ್ಳಬೇಕು. ಆ ಗೇಮಿನ ಬಗ್ಗೆ ಬರೆಯುವಾಗ ಅಲನ್ ಎಮ್ರಿಕ್ ಎಂಬ ಪತ್ರಕರ್ತ ಈ ಜಾತಿಯ ಆಟಕ್ಕೆ ಫೋರ್ ಎಕ್ಸ್ ಅಂತ ಹೆಸರಿಟ್ಟ. ಎಕ್ಸ್‌ಪ್ಲೋರ್, ಎಕ್ಸ್‌ಪ್ಯಾಂಡ್, ಎಕ್ಸ್‌ಪ್ಲಾಯ್ಟ್, ಎಕ್ಸ್‌ಟರ್ಮಿನೇಟ್. ಹಾಸ್ಟೆಲಿನಲ್ಲಿ ನಾವು ಇದನ್ನು ಕನ್ನಡಕ್ಕೆ ಇಳಿಸಿಕೊಂಡಿದ್ದೆವು: ಹುಡುಕು, ಹರಡು, ಹಿಂಡು, ಹೊಸಕು. ನಾಲ್ಕು ಹ. ಅಲ್ಲಿಂದ ಇಲ್ಲಿವರೆಗೆ ಇಂಥ ನೂರಾರು ಗೇಮ್ ಬಂದಿವೆ. ಗ್ರಾಫಿಕ್ಸ್ ಬದಲಾಗಿದೆ, ಆ ನಾಲ್ಕು ಹ ಬದಲಾಗಿಲ್ಲ.

ಈ ಆಟದ ಮಜಾ ಎಲ್ಲಿದೆ ಗೊತ್ತಾ? ಯುದ್ಧದಲ್ಲಲ್ಲ. ಮೊದಲ ಒಂದು ಗಂಟೆಯಲ್ಲಿ. ಮ್ಯಾಪೆಲ್ಲ ಕತ್ತಲೆ. ಒಂದು ಸ್ಕೌಟ್ ಹಡಗು ಕಳಿಸ್ತೀರಿ. ಹಸಿರು ಗ್ರಹ ಒಂದು ಕಾಣುತ್ತೆ. ನೀರಿದೆ, ಗಾಳಿ ಇದೆ, ಯಾರೂ ಇಲ್ಲ. ಕಾಲನೈಸ್ ಅನ್ನೋ ಬಟನ್ ಹೊಳೀತಾ ಇರುತ್ತೆ. ಒತ್ತಿದ ತಕ್ಷಣ ನಿಮ್ಮ ಬಣ್ಣ ಅಲ್ಲಿಗೆ ಹರಡುತ್ತೆ. ರಾತ್ರಿ ಎರಡು ಗಂಟೆಗೆ "ಇನ್ನೊಂದೇ ಟರ್ನ್" ಅಂತ ಕೂತವರಿಗೆ ಆ ಸುಖ ಗೊತ್ತು. ಖಾಲಿ ಜಾಗ ನಮ್ಮದಾಗೋ ಸುಖ ಅದು. ಸೈಟ್ ರಿಜಿಸ್ಟ್ರೇಷನ್ ಮಾಡಿಸಿದವರಿಗೂ ಗೊತ್ತಿರುತ್ತೆ.

ಫ್ಯಾನ್ ಆಗಿ ನನ್ನ ತಕರಾರು ಇರೋದು ಆ ಬಟನ್ ಮೇಲೆ. ಒಂದು ಉದಾಹರಣೆ ಕೊಡ್ತೀನಿ. ಫ್ರಾಂಕ್ ಹರ್ಬರ್ಟ್ 1965ರಲ್ಲಿ ಬರೆದ ಡ್ಯೂನ್ ಕಾದಂಬರಿ ನಿಮ್ಮಲ್ಲಿ ಹಲವರು ಓದಿದ್ದೀರಿ, ಇಲ್ಲ ಸಿನಿಮಾ ನೋಡಿದ್ದೀರಿ. ಅರಾಕಿಸ್ ಎಂಬ ಮರಳುಗಾಡಿನ ಗ್ರಹ. ಸಾಮ್ರಾಜ್ಯದವರಿಗೆ ಅಲ್ಲಿ ಕಾಣೋದು ಸ್ಪೈಸ್ ಮಾತ್ರ. ದಕ್ಷಿಣದ ಮರುಭೂಮಿ ಅವರ ಮ್ಯಾಪಿನಲ್ಲಿ ಖಾಲಿ. ಯಾಕೆ ಖಾಲಿ? ಅಲ್ಲಿ ಫ್ರೆಮೆನ್ ಜನ ಇದ್ದಾರೆ, ಯಾರೂ ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಇದ್ದಾರೆ. ತಮ್ಮ ತಲೆಯ ಮೇಲೆ ಉಪಗ್ರಹ ಹಾರಿಸಬೇಡಿ ಅಂತ ಅವರೇ ಸ್ಪೇಸಿಂಗ್ ಗಿಲ್ಡ್‌ಗೆ ಸ್ಪೈಸ್ ಲಂಚ ಕೊಟ್ಟಿದ್ದಾರೆ. ಅಂದ್ರೆ ಆ ಖಾಲಿ ಜಾಗ ಅವರೇ ಬೇಕು ಅಂತ ಖಾಲಿ ಇಟ್ಟದ್ದು. ಕಥೆಯ ಜೀವ ಇರೋದೇ ಅಲ್ಲಿ. ಈಗ ಗೇಮಿಗೆ ಬನ್ನಿ. 1992ರ ಡ್ಯೂನ್ 2, ಇವತ್ತಿನ ರಿಯಲ್ ಟೈಮ್ ಸ್ಟ್ರಾಟಜಿ ಆಟಗಳಿಗೆಲ್ಲ ಅಜ್ಜ ಇದ್ದ ಹಾಗೆ. ಅದರಲ್ಲಿ ಫ್ರೆಮೆನ್ ಏನು? ಅಟ್ರೈಡಿಸ್ ಅರಮನೆ ಕಟ್ಟಿದರೆ ಸಿಗುವ ಒಂದು ಸ್ಪೆಷಲ್ ಆಯುಧ. ಕಾದಂಬರಿಯಲ್ಲಿ ಮನೆಯ ಯಜಮಾನರು, ಗೇಮಿನಲ್ಲಿ ಒಂದು ಬಟನ್.

ಈಗಿನ ಗೇಮ್‌ಗಳು ಇಷ್ಟು ಒರಟಲ್ಲ, ಒಪ್ಪುತ್ತೇನೆ. 2016ರಲ್ಲಿ ಬಂದ ಸ್ಟೆಲ್ಲಾರಿಸ್‌ಗೆ ನಾನು ಸುರಿದ ಗಂಟೆಗಳ ಲೆಕ್ಕ ನನ್ನ ಹೆಂಡತಿಗೆ ಗೊತ್ತಾಗದಿರಲಿ. ಅದರಲ್ಲಿ ಇನ್ನೂ ಬಾಹ್ಯಾಕಾಶಕ್ಕೆ ಬಾರದ ನಾಗರಿಕತೆಗಳಿರುವ ಗ್ರಹಗಳಿವೆ. ಮೇಲೊಂದು ವೀಕ್ಷಣಾ ಕೇಂದ್ರ ಕಟ್ಟಿ ಸುಮ್ಮನೆ ನೋಡಬಹುದು, ಗುಟ್ಟಾಗಿ ಒಳನುಸುಳಬಹುದು, ತಂತ್ರಜ್ಞಾನ ಕಲಿಸಿಕೊಡಬಹುದು. ನಿಮ್ಮ ಪ್ರಜೆಗಳಿಗೂ ಒಲವು ನಿಲುವು ಇರುತ್ತವೆ, ಬೇಜಾರಾದರೆ ತಿರುಗಿ ಬೀಳುತ್ತಾರೆ. ಆದರೆ ಅದೇ ಗೇಮಿನಲ್ಲಿ ಆ ಪ್ರಜೆಗಳನ್ನು "ಪಾಪ್" ಅನ್ನುತ್ತಾರೆ. ಪಾಪ್ಯುಲೇಶನ್‌ನ ಗಿಡ್ಡ ರೂಪ. ರೀಸೆಟ್ಲ್‌ಮೆಂಟ್ ಅಂತ ಒಂದು ಪಾಲಿಸಿ ಇದೆ. ಅದನ್ನು ಆನ್ ಮಾಡಿದರೆ ಒಂದು ಗ್ರಹದ ಪಾಪ್ ಎತ್ತಿ ಇನ್ನೊಂದು ಗ್ರಹಕ್ಕೆ ಹಾಕಬಹುದು. ಸ್ವಲ್ಪ ಎನರ್ಜಿ ಕ್ರೆಡಿಟ್ ಖರ್ಚಾಗುತ್ತೆ, ಅಷ್ಟೆ. ನಾನು ಅದನ್ನು ಯಾವಾಗಲೂ ಆನ್ ಇಡುತ್ತಿದ್ದೆ. ಉತ್ಪಾದನೆ ಜಾಸ್ತಿ ಆಗುತ್ತೆ ನೋಡಿ.

ಈಗ ಆಫೀಸಿನ ಕಥೆ. ಕಂಪನಿ ಹೆಸರು ಬೇಡ.

ಕೊಚ್ಚಿಯಲ್ಲಿದ್ದಾಗ ನನಗೊಂದು ಇಂಟರ್ನಲ್ ಟೂಲ್ ಬರೆಯೋ ಕೆಲಸ ಬಂತು. ಕೊಚ್ಚಿಯಲ್ಲಿ ಬೆಂಚಿನ ಮೇಲೆ ಜನ ಕೂತಿದ್ದಾರೆ, ತಿರುವನಂತಪುರದ ಪ್ರಾಜೆಕ್ಟ್‌ಗಳಿಗೆ ಜನ ಸಾಲದು. ಯಾರನ್ನು ಎಲ್ಲಿಗೆ ಹಾಕಿದರೆ ಖರ್ಚು ಕಡಿಮೆ? ಎಂಟೆಕ್ ಮಾಡಿದವರಿಗೆ ಇದು ಅಸೈನ್‌ಮೆಂಟ್ ಪ್ರಾಬ್ಲಮ್, ಹಂಗೇರಿಯನ್ ಅಲ್ಗಾರಿದಮ್, ಪಾಠದ ಪುಸ್ತಕದಲ್ಲಿರೋದು. ನನಗೆ ಖುಷಿಯೋ ಖುಷಿ. ಸ್ಕಿಲ್, ಗ್ರೇಡ್, ಎಷ್ಟು ದಿನದಿಂದ ಬೆಂಚು, ಎಲ್ಲ ಕಾಲಮ್ ಇತ್ತು. "ಸ್ಥಳ ಬದಲಾವಣೆಗೆ ಒಪ್ಪಿಗೆ ಇದೆಯೇ" ಅನ್ನೋ ಕಾಲಮ್ ಕೂಡ ಇತ್ತು. ಆದರೆ ತುಂಬ ಜನ ಅದನ್ನು ತುಂಬಿರಲಿಲ್ಲ. ಖಾಲಿ ಬಿಟ್ಟಿದ್ದರು. ಖಾಲಿ ಇದ್ದರೆ ಪ್ರೋಗ್ರಾಮ್ ಮುಂದೆ ಹೋಗಲ್ಲ. ನಾನು ಒಂದು ಸಾಲು ಬರೆದೆ: ನಲ್ ಬಂದರೆ ಟ್ರೂ ಅಂತ ತಗೋ.

ಅಷ್ಟೇ. ಒಂದು ಸಾಲು. ಕೋಡ್ ರಿವ್ಯೂನಲ್ಲಿ ಯಾರೂ ಕೇಳಲಿಲ್ಲ. ಟೂಲ್ ಓಡಿತು, ಲೆಕ್ಕ ಚೆನ್ನಾಗಿ ಬಂತು, ನನಗೊಂದು ಸರ್ಟಿಫಿಕೇಟೂ ಸಿಕ್ತು.

ಆರೆಂಟು ತಿಂಗಳಾದ ಮೇಲೆ ನಾನೇ ಈ ಕಡೆ ಬಂದೆ, ನಾನು ಕೇಳಿಕೊಂಡು ಬಂದದ್ದು. ಇಲ್ಲಿ ಕ್ಯಾಂಟೀನಿನಲ್ಲಿ ಒಬ್ಬ ಗೆಳೆಯ ಸಿಕ್ಕ. ಮಂಜೇಶ್ವರದವನು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮೀಡಿಯಂ, ಆಫೀಸಿನಲ್ಲಿ ಮಲಯಾಳ, ಮೀಟಿಂಗಿನಲ್ಲಿ ಇಂಗ್ಲಿಷ್. ಕೊಚ್ಚಿಯಲ್ಲಿ ನನ್ನ ಫ್ಲೋರಿನಲ್ಲೇ ಇದ್ದವನು. "ಇಲ್ಲಿಗೆ ಹೇಗೆ ಬಂದೆ?" ಅಂದೆ. ನಗ್ತಾ ಹೇಳಿದ, "ಎಂಥ ಮಾರಾಯಾ, ನಿನ್ನ ಟೂಲೇ ಅಲ್ವಾ ನನ್ನನ್ನು ಇಲ್ಲಿಗೆ ತಂದು ಹಾಕಿದ್ದು?"

ಮ್ಯಾಪ್ ನೋಡಿ. ಮಂಜೇಶ್ವರ ಕೇರಳದ ಉತ್ತರದ ತುದಿ, ತಿರುವನಂತಪುರ ದಕ್ಷಿಣದ ತುದಿ. ನಡುವೆ ಸುಮಾರು 600 ಕಿಲೋಮೀಟರ್. ಕೊಚ್ಚಿ ಹೆಚ್ಚುಕಡಿಮೆ ದಾರಿಯ ಮೂರನೇ ಎರಡು ಭಾಗದಲ್ಲಿದೆ. ಅವನ ತಂದೆ ಇಲ್ಲ, ತಾಯಿ ಒಬ್ಬರೇ. ಕೊಚ್ಚಿಯಿಂದ ವಾರ ವಾರ ಹೋಗಿ ಬರುತ್ತಿದ್ದ. ಇಲ್ಲಿಗೆ ಬಂದ ಮೇಲೆ ಶುಕ್ರವಾರ ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಇಡೀ ರಾತ್ರಿ ಪ್ರಯಾಣ. ಹಾಗಾಗಿ ತಿಂಗಳಿಗೊಮ್ಮೆ ಆಯಿತು. ಆ ಮಳೆಗಾಲದಲ್ಲಿ ಒಂದು ಸಂಜೆ ತಾಯಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಇವನಿಗೆ ಫೋನ್ ಬರುವ ಹೊತ್ತಿಗೆ ರಾತ್ರಿಯ ಗಾಡಿಗಳು ಹೊರಟಾಗಿತ್ತು. ಬೆಳಗಿನ ಗಾಡಿ ಹಿಡಿದು ಹೊರಟವನು ಆಸ್ಪತ್ರೆ ತಲುಪಿದಾಗ ಮರುದಿನ ರಾತ್ರಿ. ಅಷ್ಟರೊಳಗೆ ಪಕ್ಕದ ಮನೆಯವರು ಎಲ್ಲ ಮುಗಿಸಿದ್ದರು, ಆಪರೇಷನ್ ಫಾರಂಗೆ ಸಹಿ ಕೂಡ ಅವರೇ ಹಾಕಿದ್ದರು.

ಅವನು ಇದನ್ನು ಬೈದು ಹೇಳಲಿಲ್ಲ. ಊಟ ಮಾಡ್ತಾ ಮಾಡ್ತಾ ಹೇಳಿದ. ನಾನು ಕೇಳಿದೆ, "ಆ ಕಾಲಮ್ಮಲ್ಲಿ ಬೇಡ ಅಂತ ಯಾಕೆ ಬರೀಲಿಲ್ಲ?" ಅವನು ಹೇಳಿದ್ದು: "ಬೇಡ ಅಂತ ಬರೆದರೆ ಅಪ್ರೈಸಲ್‌ಗೆ ಏಟು. ಆಗ್ಬಹುದು ಅಂತ ಬರೆದರೆ ಸುಳ್ಳು. ಅದಕ್ಕೆ ಖಾಲಿ ಬಿಟ್ಟೆ."

ಅವತ್ತು ನನಗೆ ಡ್ಯೂನ್ ನೆನಪಾಯಿತು. ಮ್ಯಾಪಿನ ಆ ಖಾಲಿ ದಕ್ಷಿಣ. ನಾನು ಖಾಲಿ ಕಂಡದ್ದನ್ನು "ಯಾರೂ ಇಲ್ಲ" ಅಂತ ಓದಿದ್ದೆ. ಅಲ್ಲಿ ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದ.

ಮುಂದಿನ ಶನಿವಾರ ನಾವಿಬ್ಬರೂ ತುಂಬಾಕ್ಕೆ ಹೋದೆವು. ಟೆಕ್ನೋಪಾರ್ಕಿನಿಂದ ಅಷ್ಟು ಹತ್ತಿರ ಇದ್ದರೂ ನಿಮ್ಮಲ್ಲಿ ಅರ್ಧ ಜನ ಹೋಗಿರಲಿಕ್ಕಿಲ್ಲ. ಹೋಗಿ ಬನ್ನಿ. ಭಾರತದ ಬಾಹ್ಯಾಕಾಶದ ಕಥೆ ಶುರುವಾದದ್ದು ಒಂದು ಮೀನುಗಾರರ ಊರಿನಲ್ಲಿ, ಅದರ ಚರ್ಚಿನಲ್ಲಿ. ಕಾರಣ ಭೂಮಿಯ ಕಾಂತೀಯ ಸಮಭಾಜಕ ರೇಖೆ. ಅದು ಈ ಕರಾವಳಿಯ ಹತ್ತಿರ ಹಾದುಹೋಗುತ್ತೆ. ಅದರ ಮೇಲೆ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ವಿದ್ಯುತ್ ಪ್ರವಾಹದ ಒಂದು ಪಟ್ಟಿ ಇದೆ. ಅದನ್ನು ಅಳೆಯಲು ಬಲೂನು ಅಷ್ಟು ಮೇಲೆ ಹೋಗಲ್ಲ, ಉಪಗ್ರಹ ಅಷ್ಟು ಕೆಳಗೆ ನಿಲ್ಲಲ್ಲ. ರಾಕೆಟ್ಟೇ ಬೇಕು. ವಿಕ್ರಮ್ ಸಾರಾಭಾಯಿ ಹುಡುಕಿದ್ದು ಈ ಜಾಗ. ಗೇಮಿನ ಭಾಷೆಯಲ್ಲಿ ಹೇಳೋದಾದರೆ ಅಪರೂಪದ ಸಂಪತ್ತಿರುವ ಒಂದು ಟೈಲ್. ಸುಮಾರು 600 ಎಕರೆ, ಸಮುದ್ರಕ್ಕೂ ರೈಲು ಹಳಿಗೂ ನಡುವೆ. ಆದರೆ ಖಾಲಿ ಇರಲಿಲ್ಲ. ಮನೆಗಳಿದ್ದವು, ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚ್ ಇತ್ತು.

ಸಾರಾಭಾಯಿ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರ ಹತ್ತಿರ ಹೋದರು. ಬಿಷಪ್ ಭಾನುವಾರದ ಪೂಜೆಯಲ್ಲಿ ಜನರ ಮುಂದೆ ವಿಷಯ ಇಟ್ಟರು, ಜನ ಒಪ್ಪಿದರು. ಅಬ್ದುಲ್ ಕಲಾಂ ಈ ಪ್ರಸಂಗವನ್ನು ಎಷ್ಟೋ ಕಡೆ ಹೇಳಿದ್ದಾರೆ. ಪ್ರಾರ್ಥನೆಯ ಕೋಣೆ ಅವರ ಮೊದಲ ಲ್ಯಾಬ್, ಬಿಷಪ್ ಕೋಣೆ ಡ್ರಾಯಿಂಗ್ ಆಫೀಸ್. 1963ರ ನವೆಂಬರ್ 21ರಂದು ಅಮೆರಿಕದ ನೈಕ್ ಅಪಾಚೆ ರಾಕೆಟ್ ಅಲ್ಲಿಂದ ಹಾರಿತು. ನಾಲ್ಕು ವರ್ಷದ ಮೇಲೆ, 1967ರಲ್ಲಿ, ನಮ್ಮದೇ ಆರ್‌ಎಚ್-75. ಆ 75 ಅಂದ್ರೆ ರಾಕೆಟ್ಟಿನ ವ್ಯಾಸ, 75 ಮಿಲಿಮೀಟರ್. ಇವತ್ತು ಆ ಚರ್ಚ್ ಸ್ಪೇಸ್ ಮ್ಯೂಸಿಯಂ.

ಇದನ್ನು ಸಿಹಿ ಕಥೆ ಮಾಡಿ ಮುಗಿಸೋದು ಸುಲಭ. ನನ್ನ ಗೆಳೆಯ ಅಲ್ಲಿ ನಿಂತು ಕೇಳಿದ, "ಬಿಷಪ್ಪೇ ಬಂದು ಕೇಳಿದರೆ ಬೇಡ ಅನ್ನೋ ಧೈರ್ಯ ಯಾರಿಗಿರ್ತದೆ?" ನನಗೆ ಉತ್ತರ ಹೊಳೆಯಲಿಲ್ಲ. ಅವನ ಖಾಲಿ ಕಾಲಮ್ಮಿನ ಹಾಗೇ, ಆ ಒಪ್ಪಿಗೆಯೊಳಗೂ ಏನೇನಿತ್ತೋ. ಆದರೂ ಕೇಳಿದ್ದಕ್ಕೂ ಕೇಳದೇ ಇದ್ದದ್ದಕ್ಕೂ ವ್ಯತ್ಯಾಸ ಇದ್ದೇ ಇದೆ. ಅದನ್ನು ನೋಡಬೇಕು ಅಂದ್ರೆ ಕೊಚ್ಚಿಯಲ್ಲಿರುವವರು ಮೂಲಂಪಿಳ್ಳಿ ಅಂತ ಹುಡುಕಿ. ವಲ್ಲಾರ್ಪಾಡಂ ಕಂಟೇನರ್ ಟರ್ಮಿನಲ್ಲಿಗೆ ರಸ್ತೆ, ರೈಲು ಮಾಡಲು 2008ರಲ್ಲಿ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು. ಮೂಲಂಪಿಳ್ಳಿಯಲ್ಲಿ ಮನೆಗಳ ಮೇಲೆ ಜೆಸಿಬಿ ಹರಿಯಿತು. ಪುನರ್ವಸತಿಗಾಗಿ ಆ ಜನ ವರ್ಷಗಟ್ಟಲೆ ಹೋರಾಡಿದರು. ಕಾಕ್ಕನಾಡಿನಲ್ಲಿ ನಾಲ್ಕು ವರ್ಷ ಇದ್ದ ನಾನು ಎಷ್ಟೋ ಸಲ ಆ ಕಂಟೇನರ್ ರಸ್ತೆಯಲ್ಲಿ ಹೋಗಿದ್ದೇನೆ. ಒಳ್ಳೇ ರಸ್ತೆ, ಟ್ರಾಫಿಕ್ ಇಲ್ಲ ಅಂತ ಖುಷಿಪಟ್ಟಿದ್ದೇನೆ.

ಹಾಗಾದರೆ ಸೈ-ಫೈನಲ್ಲಿ ಇದನ್ನು ಸರಿಯಾಗಿ ಕಂಡವರು ಯಾರೂ ಇಲ್ವಾ? ಇದ್ದಾರೆ. ನನ್ನ ಪ್ರಕಾರ ಈ ಕಾಲದ ಅತ್ಯುತ್ತಮ ಸೈ-ಫೈ ಜಗತ್ತು ದಿ ಎಕ್ಸ್‌ಪಾನ್ಸ್. ಜೇಮ್ಸ್ ಎಸ್. ಎ. ಕೋರಿ ಎಂಬ ಹೆಸರಲ್ಲಿ ಇಬ್ಬರು ಸೇರಿ ಬರೆದದ್ದು, ಮೊದಲ ಪುಸ್ತಕ 2011ರಲ್ಲಿ ಬಂತು. ಅದರ ನಾಲ್ಕನೇ ಪುಸ್ತಕ ಸಿಬೋಲಾ ಬರ್ನ್ ಓದಿ. ಮನುಷ್ಯರಿಗೆ ಮೊದಲ ಸಲ ಬೇರೆ ನಕ್ಷತ್ರದ ಗ್ರಹವೊಂದು ಸಿಗುತ್ತೆ. ಮನೆಮಠ ಕಳೆದುಕೊಂಡ ಬೆಲ್ಟರ್ ನಿರಾಶ್ರಿತರು ಮೊದಲು ಬಂದು ಗುಡಿಸಲು ಹಾಕಿಕೊಂಡು ಅದಿರು ಅಗೆಯುತ್ತಾರೆ. ಆಮೇಲೆ ಒಂದು ಕಂಪನಿ ಸರ್ಕಾರದ ಸನ್ನದು ಹಿಡಿದುಕೊಂಡು ವಿಜ್ಞಾನಿಗಳ ಜೊತೆ ಬರುತ್ತೆ. ಬೆಲ್ಟರ್‌ಗಳು ಆ ಗ್ರಹವನ್ನು ಇಲಸ್ ಅನ್ನುತ್ತಾರೆ, ಕಂಪನಿ ಕಾಗದದಲ್ಲಿ ಅದು ನ್ಯೂ ಟೆರಾ. ಒಂದೇ ಗ್ರಹ, ಎರಡು ಹೆಸರು. ಯಾವ ಹೆಸರು ಬಾಯಿಗೆ ಬರುತ್ತೆ ಅನ್ನೋದರಲ್ಲೇ ನೀವು ಯಾರ ಕಡೆ ಅಂತ ಗೊತ್ತಾಗುತ್ತೆ.

ಇದನ್ನು ನಮ್ಮ ಮಂಜೇಶ್ವರದವನಿಗೆ ಹೇಳಿದಾಗ ಅವನು ನಕ್ಕ. "ನಮ್ಮೂರಿನ ಸ್ಟೇಷನ್ ಬೋರ್ಡ್ ನೋಡು ಮಾರಾಯಾ" ಅಂದ. ನಾವು ಮಂಜೇಶ್ವರ ಅಂದ್ರೆ ಅವರು ಮಂಜೇಶ್ವರಂ. ನಾವು ಕುಂಬಳೆ ಅಂದ್ರೆ ಅವರು ಕುಂಬಳ. 1956ರ ಇದೇ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ ಹೇಳಿತು, ಅದು ಆಗಲಿಲ್ಲ. ಆ ವಾದವನ್ನು ನಾನು ಇಲ್ಲಿ ಎತ್ತುತ್ತಿಲ್ಲ. ನಾನು ಹೇಳೋದು ಇಷ್ಟೆ: ಸ್ಟೆಲ್ಲಾರಿಸ್‌ನಲ್ಲಿ ಗಡಿ ಬದಲಾದರೆ ಗ್ರಹದ ಬಣ್ಣ ಬದಲಾಗುತ್ತೆ, ಕೆಲಸ ಮುಗೀತು. ನಿಜದಲ್ಲಿ ಗಡಿಯ ಮೇಲಿನ ಜನ ಎರಡೂ ಬಣ್ಣದಲ್ಲಿ ಬದುಕುತ್ತಾರೆ. ಅವನ ತಾಯಿಯ ರಾಜಧಾನಿ 600 ಕಿಲೋಮೀಟರ್ ದೂರ, ಅವರ ಆಸ್ಪತ್ರೆ ಗಡಿಯಾಚೆ ಅರ್ಧ ಮುಕ್ಕಾಲು ಗಂಟೆಯ ಮಂಗಳೂರಿನಲ್ಲಿ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರು ತಲುಪಲಾಗದೆ ಒದ್ದಾಡಿದರು, ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಮ್ಯಾಪಿನ ಮೇಲಿನ ಗೆರೆ ಒಂದೇ ರಾತ್ರಿಯಲ್ಲಿ ಗೋಡೆ ಆಗಬಹುದು ಅಂತ ಅವತ್ತು ಎರಡೂ ಕಡೆಯವರಿಗೆ ಗೊತ್ತಾಯಿತು.

ಇನ್ನೊಂದೇ ಗೇಮ್ ಹೇಳಿ ಮುಗಿಸ್ತೀನಿ. ಹೋಮ್‌ವರ್ಲ್ಡ್, 1999. ಕಂಪ್ಯೂಟರ್ ಮ್ಯಾಗಜೀನ್ ಜೊತೆ ಬರುತ್ತಿದ್ದ ಡೆಮೋ ಸಿಡಿಯಲ್ಲಿ ನಾನು ಮೊದಲು ನೋಡಿದ್ದು. ಇದರಲ್ಲಿ ಗ್ಯಾಲಕ್ಸಿ ಗೆಲ್ಲೋದಿಲ್ಲ, ಮನೆಗೆ ಹೋಗಬೇಕು. ಖರಾಕ್ ಎಂಬ ಮರುಭೂಮಿ ಗ್ರಹದ ಜನರಿಗೆ ತಾವು ಅಲ್ಲಿಯವರಲ್ಲ ಅಂತ ಗೊತ್ತಾಗುತ್ತೆ, ದೊಡ್ಡ ಮದರ್‌ಶಿಪ್ ಕಟ್ಟಿ ಹೊರಡುತ್ತಾರೆ. ಒಂದು ಪರೀಕ್ಷಾ ಪ್ರಯಾಣ ಮುಗಿಸಿ ತಿರುಗಿ ಬರುವಷ್ಟರಲ್ಲಿ ಖರಾಕ್ ಹೊತ್ತಿ ಉರಿಯುತ್ತಿರುತ್ತೆ. ಉಳಿದವರು ಶೀತನಿದ್ರೆಯ ಪೆಟ್ಟಿಗೆಗಳಲ್ಲಿದ್ದ ಲಕ್ಷಾಂತರ ಜನ ಮಾತ್ರ. ಅವರನ್ನು ಉಳಿಸಿಕೊಂಡು ಹಿಗಾರಾ ಎಂಬ ಮೂಲ ಊರಿಗೆ ಹೋಗಬೇಕು. ಒಂದು ಮಿಷನ್‌ನಲ್ಲಿ ಕಳೆದ ಹಡಗು ಮುಂದಿನದರಲ್ಲೂ ಇರೋದಿಲ್ಲ. ಹಾಗಾಗಿ ಪ್ರತಿ ಹಡಗೂ ಲೆಕ್ಕಕ್ಕೆ ಬರುತ್ತೆ. ಊರು ಬಿಟ್ಟ ನಮಗೆಲ್ಲ ಈ ಕಥೆ ಎದೆಗೆ ತಾಗುತ್ತೆ. ನನಗೂ ತಾಗಿತ್ತು. ಆದರೆ ಇತ್ತೀಚೆಗೆ ಮತ್ತೆ ಆಡುವಾಗ ಒಂದು ಪ್ರಶ್ನೆ ಬಂತು. ನಾವು ಬಿಟ್ಟು ಎಷ್ಟೋ ಶತಮಾನ ಕಳೆದ ಆ ಹಿಗಾರಾದಲ್ಲಿ ಈಗ ಯಾರಿದ್ದಾರೆ? ಗೇಮ್ ಚಕ್ರವರ್ತಿಯನ್ನು ತೋರಿಸುತ್ತೆ, ಅವನ ಹಡಗುಗಳನ್ನು ತೋರಿಸುತ್ತೆ. ಅಲ್ಲಿ ಬೆಳಿಗ್ಗೆ ಎದ್ದು ಹಾಲು ತರಲು ಹೋಗುವವರನ್ನು ತೋರಿಸೋದಿಲ್ಲ. ನಾನು ತುಂಬ ಪ್ರೀತಿಸುವ ಗೇಮ್ ಕೂಡ ಕೊನೆಯಲ್ಲಿ ಆ ಗ್ರಹವನ್ನು ಖಾಲಿ ಮಾಡಿಯೇ ನನಗೆ ಕೊಡುತ್ತೆ.

ಈಗ ನಾನು ಏನು ಮಾಡಿದೆ ಅಂತ ಕೇಳಬೇಕಲ್ವಾ. ದೊಡ್ಡದೇನಿಲ್ಲ. ಆ ಒಂದು ಸಾಲು ತೆಗೆದೆ. ಈಗ ಕಾಲಮ್ ಖಾಲಿ ಇದ್ದರೆ ಟೂಲ್ ನಿಂತುಬಿಡುತ್ತೆ, ಮ್ಯಾನೇಜರ್ ಆ ವ್ಯಕ್ತಿಯ ಜೊತೆ ಮಾತಾಡಿ ಬರೆಯುವವರೆಗೆ ಮುಂದೆ ಹೋಗಲ್ಲ. "ಬೇಡ" ಅಂದವರ ಹೆಸರು ಅಪ್ರೈಸಲ್ ಮಾಡುವವರಿಗೆ ಕಾಣದ ಹಾಗೆ ಮಾಡಿಸಲು ಮೂರು ತಿಂಗಳು ಮೇಲ್ ಬರೆದೆ, ಅರ್ಧದಷ್ಟು ಆಯಿತು. ಟೂಲ್ ಈಗ ನಿಧಾನ. ಖರ್ಚಿನ ಲೆಕ್ಕ ಮೊದಲಿನಷ್ಟು ಚಂದ ಬರಲ್ಲ. ಸರ್ಟಿಫಿಕೇಟಂತೂ ಯಾರೂ ಕೊಡಲಿಲ್ಲ. ಗೆಳೆಯ ಹದಿನಾಲ್ಕು ತಿಂಗಳಾದ ಮೇಲೆ ಕೊಚ್ಚಿಗೆ ವಾಪಸ್ ಹೋದ. ತಾಯಿ ಕೋಲು ಹಿಡಿದು ನಡೆಯುತ್ತಾರೆ. ಮೊದಲಿನ ಹಾಗಲ್ಲ.

ಗೇಮ್ ಆಡೋದು ಬಿಟ್ಟಿಲ್ಲ, ಬಿಡೋದೂ ಇಲ್ಲ. ರಾತ್ರಿ ಎರಡು ಗಂಟೆಯ ಹಸಿರು ಗ್ರಹ ಈಗಲೂ ಕರೆಯುತ್ತೆ. ಆದರೆ ರೀಸೆಟ್ಲ್‌ಮೆಂಟ್ ಪಾಲಿಸಿ ಆಫ್ ಇಟ್ಟು ಆಡ್ತೀನಿ. ಆಡಿ ನೋಡಿ, ಆಟ ಕಷ್ಟ ಆಗುತ್ತೆ, ಚೆನ್ನಾಗೂ ಆಗುತ್ತೆ. ಹಾಗೇ ನಮ್ಮ ನಾಲ್ಕು ಹ ಆದ ಮೇಲೆ ಐದನೇದು ಒಂದು ಬೇಕು ಅನ್ನಿಸುತ್ತೆ. ಅದು ಹ ಅಲ್ಲ. ಕೇಳು. ನಮ್ಮ ಭಾಷೆಯಲ್ಲಿ ಅದಕ್ಕೆ ಎರಡು ಅರ್ಥ: ಪ್ರಶ್ನೆ ಹಾಕು, ಹಾಗೇ ಉತ್ತರಕ್ಕೆ ಕಿವಿ ಕೊಡು. ಇಲ್ಲಿ ಕೂತವರಲ್ಲಿ ಹತ್ತಾರು ಜನ ಟೀಮ್ ಲೀಡ್‌ಗಳಿದ್ದೀರಿ. ಸೋಮವಾರ ನಿಮ್ಮ ಎಕ್ಸೆಲ್ ಶೀಟ್ ತೆರೆದಾಗ ಖಾಲಿ ಬಿಟ್ಟ ಕಾಲಮ್ ಯಾರದ್ದು ಅಂತ ಒಮ್ಮೆ ನೋಡಿ, ಅವರನ್ನು ಒಂದು ಚಾಯಕ್ಕೆ ಕರೀರಿ.

ಬಿಸಿಬೇಳೆಬಾತೂ ಅಡಪ್ರಥಮನ್ನೂ ಕಾಯ್ತಾ ಇವೆ.